ಕಪ್ಪತಗುಡ್ಡಕ್ಕೆ ಹೊರಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 6ಕ್ಕೆ ಗದಗ ಬಸ್ ನಿಲ್ದಾಣದಲ್ಲಿ ಸೇರೋಣ. ಉಳಿಯುವುದು ಡಂಬಳದ ಕಡೆ, ಗುಡ್ಡದ ಬುಡದಲ್ಲಿ ಊರಿನವರೇ ನಡೆಸುವ ವಸತಿಯಲ್ಲಿ. ಏಸಿ, ಗೀಸರ್ ಇಲ್ಲ. ಸೋಲಾರ್ ದೀಪ, ಬಕೆಟ್ ನೀರು, ಅಷ್ಟೇ.

ಅಡುಗೆ ಅಲ್ಲಿನ ಅಕ್ಕಂದಿರದು: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಇಷ್ಟಿದ್ದರೂ ಹುಬ್ಬಳ್ಳಿಯಿಂದ ಚಿಪ್ಸ್ ಹೊತ್ತು ತರುವವರಿದ್ದಾರೆ, ಸುಮ್ನೆ ಕಸ! ಊಟದ ದುಡ್ಡು ಅಕ್ಕಂದಿರ ಕೈಗೇ ಕೊಡಿ, ಚೌಕಾಸಿ ಬೇಡ.

2019ರಿಂದ ಕಪ್ಪತಗುಡ್ಡ ವನ್ಯಜೀವಿ ಧಾಮ. ಔಷಧಿ ಗಿಡಗಳ ಫೋಟೋ ತೆಗೆಯಿರಿ, ಕೀಳಬೇಡಿ. ಒಣಹುಲ್ಲು ಜಾಸ್ತಿ, ಬೀಡಿ, ಸಿಗರೇಟು ಹಚ್ಚಲೇಬೇಡಿ. ಮರಳುವಾಗ ನಕ್ಷತ್ರದಾಕಾರದ ದೊಡ್ಡಬಸಪ್ಪ ಗುಡಿ ನೋಡೋಣ.

ಬರುವವರು ಬುಧವಾರದೊಳಗೆ ಇಲ್ಲೇ ಹೆಸರು ಹಾಕಿ. ರೊಟ್ಟಿ ಲೆಕ್ಕ ಅಕ್ಕಂದಿರಿಗೆ ಮೊದಲೇ ಹೇಳಬೇಕು.