ಭದ್ರಾವತಿಗೆ ಮೊದಲು ಬೇಕಿರುವುದು ಅಪ್ರೆಂಟಿಸ್‌ಗಳು

ಮಾನ್ಯ ಸಂಪಾದಕರೇ,

ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಸುದ್ದಿಗೆ ಬಂದಾಗಲೆಲ್ಲ ಚರ್ಚೆ ಒಂದೇ ಜಾಡು ಹಿಡಿಯುತ್ತದೆ: ಎಷ್ಟು ಕೋಟಿ ಬರುತ್ತದೆ, ಯಾರು ತರುತ್ತಾರೆ, ಹೆಸರು ಯಾವ ಪಕ್ಷಕ್ಕೆ. ಹಣ ಬಂತು, ಕಾರ್ಖಾನೆ ಪೂರ್ತಿ ಓಡತೊಡಗಿತು ಎಂದೇ ಇಟ್ಟುಕೊಳ್ಳೋಣ. ಓಡಿಸುವವರು ಯಾರು? ಈ ಪ್ರಶ್ನೆ ಕೇಳಿದ ಒಬ್ಬ ಮುಖಂಡನನ್ನೂ ನಾನು ಕಾಣೆ.

ಮೈಸೂರು ಸಂಸ್ಥಾನ 1918ರಲ್ಲಿ ಈ ಕಾರ್ಖಾನೆಯನ್ನು ಆರಂಭಿಸಿದಾಗ ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಹುಟ್ಟಿತು. ಎಸ್‌ಎಸ್‌ಎಲ್‌ಸಿ ದಾಟಿದ ಹುಡುಗನಿಗೆ ಕಾಯಂ ಕೆಲಸ, ಕ್ವಾರ್ಟರ್ಸ್, ಭವಿಷ್ಯ ನಿಧಿ ಸಿಗುತ್ತಿದ್ದ ಊರು ಇದು. ಇಲ್ಲಿನ ಕಾರ್ಖಾನೆ ಬಡಾವಣೆಗಳಾದ ನ್ಯೂ ಟೌನ್, ಪೇಪರ್ ಟೌನ್‌ಗಳ ಎಷ್ಟೋ ಡಾಕ್ಟರು, ಎಂಜಿನಿಯರುಗಳು ಆ ಸಂಬಳದಲ್ಲೇ ಓದಿದವರು. ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು (ನಾಡಿನ ಪತ್ರಿಕೆಗಳು ಒಂದು ಕಾಲಕ್ಕೆ ಅಚ್ಚಾಗುತ್ತಿದ್ದುದು ಅದೇ ಕಾಗದದ ಮೇಲೆ). 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚಲು ಅದರ ಒಡೆತನದ ಕೇಂದ್ರ ಸರ್ಕಾರಿ ಉಕ್ಕು ಕಂಪನಿ ಸೈಲ್ ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು, ಆಗಸ್ಟ್‌ನಲ್ಲಿ ಉಕ್ಕಿನ ಸರಳು ತಯಾರಿಸುವ ಬಾರ್ ಮಿಲ್ ಮತ್ತೆ ತಿರುಗಿತು. ಅಷ್ಟಕ್ಕೇ ಪಟಾಕಿ ಹೊಡೆದವರೂ ಇದ್ದರು.

ನಾನು ಐಟಿಐಯಲ್ಲಿ ಫಿಟ್ಟರ್ ವಿಭಾಗದ ಬೋಧಕನಾಗಿ ನಿವೃತ್ತನಾದವನು. ಹೊಸ ಹುಡುಗನಿಗೆ ಮೊದಲು ಕೊಡುವುದು ಒಂದು ಕಬ್ಬಿಣದ ತುಂಡು, ಒಂದು ಅರ. ವೈಸ್‌ಗೆ ಕಚ್ಚಿಸಿ ಉಜ್ಜಬೇಕು. ಮಟ್ಟವಾಯಿತು ಅನ್ನಿಸಿದಾಗ ಮೂಲೆ, ಮಟ್ಟ ನೋಡುವ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುತ್ತಾನೆ. ಸಂದಿಯಲ್ಲಿ ಗೆರೆಯಷ್ಟು ಬೆಳಕು ನುಸುಳಿದರೂ ಮತ್ತೆ ಉಜ್ಜಬೇಕು. ಅಂಗೈ ಬೊಬ್ಬೆ ಏಳುತ್ತದೆ, ನನ್ನನ್ನು ಬೈದುಕೊಳ್ಳುತ್ತಾನೆ. ಎರಡು ವರ್ಷದಲ್ಲಿ ಇಂಥ ಅಡಿಪಾಯ ಹಾಕಿ ಕಳಿಸಬಹುದು, ಅಷ್ಟೆ. ಮಿಲ್ಲಿನ ರೋಲರ್ ಕೆಡುವ ಮುನ್ನ ಸದ್ದು ಹೇಗೆ ಬದಲಾಗುತ್ತದೆ, ಕಾದ ಉಕ್ಕಿನ ಬಣ್ಣ ಯಾವ ಹದಕ್ಕೆ ಬಂದಾಗ ಹೊರಗೆಳೆಯಬೇಕು ಎಂಬುದನ್ನು ಕಲಿಸುವವನು ಪಾಳಿಯಲ್ಲಿ ಪಕ್ಕ ನಿಲ್ಲುವ ಹಿರಿಯ ಕೆಲಸಗಾರ. ಆ ಹಿರಿಯರೆಲ್ಲ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಕಾಯಂ ನೇಮಕ ಇಲ್ಲ. ನಾಳೆ ಇರುತ್ತೇನೋ ಇಲ್ಲವೋ ಎಂಬ ಗುತ್ತಿಗೆಯವನು ಯಾವ ಭರವಸೆಯ ಮೇಲೆ ಕಲಿಯಬೇಕು, ಯಾರಿಗೆ ಕಲಿಸಬೇಕು?

ರಾಜ್ಯಕ್ಕೆ ಹೊಸ ಕಾರ್ಖಾನೆಗಳು ಬರುತ್ತಿಲ್ಲವೇ ಎನ್ನುವವರಿದ್ದಾರೆ. ಬರುತ್ತಿವೆ. ನರಸಾಪುರ, ದೇವನಹಳ್ಳಿಗಳಲ್ಲಿ ಜಗತ್ತಿನ ದುಬಾರಿ ಮೊಬೈಲ್‌ಗಳು ತಯಾರಾಗುತ್ತಿವೆ. ಹಳ್ಳಿಯ ಹೆಣ್ಣುಮಕ್ಕಳು ಸಂಬಳ ಎಣಿಸುತ್ತಿದ್ದಾರೆ, ಸಂತೋಷವೇ. ಆದರೆ ಮಧ್ಯವರ್ತಿ ಏಜೆನ್ಸಿಗಳ ಮೂಲಕ ದೊಡ್ಡ ದೊಡ್ಡ ಕಾರ್ಖಾನೆ ಸೇರಿದ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ವರ್ಷ ತುಂಬುತ್ತಲೇ ಹೊರಬಿದ್ದು ಇನ್ನೊಂದು ಗೇಟಿನ ಮುಂದೆ ಸಾಲು ನಿಂತಿದ್ದಾರೆ. ಕೆಲವರು ಅದೂ ಬೇಡವೆಂದು ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ಹಂಚುತ್ತಿದ್ದಾರೆ. ಅಪ್ಪ ಉಕ್ಕಿನ ಕಾರ್ಖಾನೆಯ ಸಂಬಳದಲ್ಲಿ ಮನೆ ಕಟ್ಟಿದ. ಮಗ ಆ ಮನೆಯ ಮೇಲೆ ಸಾಲ ತೆಗೆದು ಬೈಕ್ ಕೊಂಡಿದ್ದಾನೆ.

2014ರಲ್ಲಿ ‘ಮೇಕ್ ಇನ್ ಇಂಡಿಯಾ’ ಘೋಷಣೆಯಾದಾಗ, ದೇಶದ ಆರ್ಥಿಕತೆಯಲ್ಲಿ ತಯಾರಿಕಾ ವಲಯದ ಪಾಲು 2022ರೊಳಗೆ ಶೇ 25ಕ್ಕೆ ಏರಬೇಕೆಂಬ ಗುರಿ ಇತ್ತು. ಅದು ಇಂದಿಗೂ ಶೇ 17ರ ಆಸುಪಾಸಿನಲ್ಲೇ ತೆವಳುತ್ತಿದೆ.

ನಷ್ಟದ ಕಾರ್ಖಾನೆಯನ್ನು ತೆರಿಗೆ ಹಣದಲ್ಲಿ ಸಾಕಬೇಕೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಆದರೆ ಸ್ವಂತ ಅದಿರಿನ ಗಣಿ ಇಲ್ಲದೆ, ಹಳೆಯ ಯಂತ್ರಗಳಿಗೆ ಹೊಸ ಬಂಡವಾಳ ಇಲ್ಲದೆ ಲಾಭ ತೋರಿಸು ಎಂದರೆ ಕೈಕಾಲು ಕಟ್ಟಿ ಈಜು ಎಂದಂತೆ. ಆ ಹೊಣೆ ಕುಲುಮೆಯ ಮುಂದೆ ಬೆವರು ಹರಿಸಿದವನದಲ್ಲ.

ಉಕ್ಕು ಸಚಿವಾಲಯಕ್ಕೂ ಸೈಲ್‌ಗೂ ನನ್ನ ಕೇಳಿಕೆ ಸಣ್ಣದು. ಪುನಶ್ಚೇತನದ ಯೋಜನೆ ಯಾವಾಗ ಬರುತ್ತದೋ ಬರಲಿ. ಈ ವರ್ಷವೇ ಸುತ್ತಲಿನ ತಾಲ್ಲೂಕುಗಳ ಐಟಿಐ ಹುಡುಗ ಹುಡುಗಿಯರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಿ. ತರಬೇತಿ ಮುಗಿಸಿದವರಲ್ಲಿ ಇಂತಿಷ್ಟು ಮಂದಿಗೆ ಕಾಯಂ ಕೆಲಸ ಎಂದು ಬರವಣಿಗೆಯಲ್ಲಿ ಕೊಡಿ. ನಿವೃತ್ತ ಕೆಲಸಗಾರರನ್ನು ಗೌರವಧನ ಕೊಟ್ಟು ಕಲಿಸಲು ಕರೆಯಿರಿ. ಊರಿನಲ್ಲಿ ಇನ್ನೂ ಸಾಕಷ್ಟು ಜನ ಗಟ್ಟಿಮುಟ್ಟಾಗಿದ್ದಾರೆ, ಕರೆದರೆ ಬರುತ್ತಾರೆ.

– ನಿವೃತ್ತ ಐಟಿಐ ಬೋಧಕ, ಭದ್ರಾವತಿ