ಸ್ಕ್ಯಾನ್ ನಾರ್ಮಲ್, ಕಾಯಿಲೆ ಇದ್ದೇ ಇದೆ

ಮಾನ್ಯರೇ,

ನಿಮ್ಮ ಆರೋಗ್ಯ ಪುಟದಲ್ಲಿ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆಯ ಬಗ್ಗೆ ಬಂದ ಲೇಖನ ಓದಿದೆ. ಈ ಕಾಯಿಲೆಯಲ್ಲಿ ಮಿದುಳಿನ ರಚನೆಯೇ ಬದಲಾಗಿರುತ್ತದೆ ಎಂದು ಬರೆದಿದ್ದೀರಿ. ಮಾತು ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಮ್ಮಂಥ ಮನೆಗಳಲ್ಲಿ ಅದು ತಿರುಗುಬಾಣವಾಗುತ್ತದೆ.

ನನ್ನ ತಮ್ಮನಿಗೆ ಇಪ್ಪತ್ತೆರಡು ತುಂಬಿದ ಮಳೆಗಾಲದಲ್ಲಿ ಶುರುವಾಯಿತು. ಕೆರೆಯ ಬದಿಯಲ್ಲಿ ಇಬ್ಬರು ನಿಂತು ತುಳುವಿನಲ್ಲಿ ತನ್ನನ್ನು ಬೈಯುತ್ತಾರೆಂದು ರಾತ್ರಿ ಟಾರ್ಚು ಹಿಡಿದು ತೋಟಕ್ಕೆ ಓಡುತ್ತಿದ್ದ. ಜೋಯಿಸರಲ್ಲಿ ಪ್ರಶ್ನೆ ಇಡಿಸಿದೆವು, ನಾಗನಿಗೆ ತಂಬಿಲ ಪೂಜೆ ಕೊಟ್ಟೆವು. ಕೊನೆಗೆ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಮಾತ್ರೆ ಹಿಡಿದು ಎರಡು ತಿಂಗಳಲ್ಲಿ ಆ ದನಿಗಳು ನಿಂತವು.

ಉಳಿದದ್ದು ಮೌನ. ಕಾಪಿ ಲೋಟ ಹಿಡಿದು ಜಗಲಿಯ ಕಂಬಕ್ಕೆ ಒರಗಿದನೆಂದರೆ ಕಾಪಿಯ ಮೇಲೆ ಕೆನೆ ಕಟ್ಟಿದರೂ ಲೋಟ ಬಾಯಿಗೆ ಹೋಗುವುದಿಲ್ಲ. ಸ್ನಾನಕ್ಕೆ ನಾಲ್ಕು ಸಲ ಕರೆಯಬೇಕು. ಅಡಿಕೆ ಸುಲಿಯಲು ಕೂತರೆ ಮೊದಲಿನ ಅಡಿಕೆಯೇ ಅಂಗೈಯಲ್ಲಿ ಉಳಿದಿರುತ್ತದೆ. ಆ ಸಮಯಕ್ಕೇ ಮಿದುಳಿನ ಎಂಆರ್‌ಐ ಸ್ಕ್ಯಾನಿನ ವರದಿ ಬಂತು: ನಾರ್ಮಲ್. ಸೋದರಮಾವ ಅದನ್ನು ತಿರುಗಿಸಿ ನೋಡಿ, "ತಲೆಯೊಳಗೆ ಏನೂ ಇಲ್ಲವಲ್ಲ, ಇನ್ನು ಇದು ಬರೀ ಉದಾಸೀನ" ಎಂದರು. ಆ ಮಾತು ನಂಬಿ ಒಂದು ವರ್ಷ ನಾನೂ ಅವನಿಗೆ ಬೈದಿದ್ದೇನೆ. ಅದು ಈಗಲೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಅಂಥ ಸ್ಕ್ಯಾನ್ ತೆಗೆಸುವುದು ಗಡ್ಡೆಯೋ ಬೇರೆ ಕಾಯಿಲೆಯೋ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದಕ್ಕೆ. ಸ್ಕಿಜೋಫ್ರೀನಿಯಾ ಇದೆ, ಇಲ್ಲ ಎಂದು ಅದು ಹೇಳುವುದಿಲ್ಲ. 1976ರಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಈವ್ ಜಾನ್‌ಸ್ಟನ್ ಮತ್ತು ಸಂಗಡಿಗರು ಬಹುಕಾಲದಿಂದ ಈ ಕಾಯಿಲೆ ಇದ್ದ 17 ಮಂದಿಯ ಸಿಟಿ ಸ್ಕ್ಯಾನ್ ಮಾಡಿದಾಗ, ಮಿದುಳಿನೊಳಗಿನ ದ್ರವ ತುಂಬಿದ ಕುಹರಗಳು ಹಿಗ್ಗಿದ್ದವು. 2018ರಲ್ಲಿ ಹಲವು ದೇಶದವರು ಸೇರಿ 4,474 ರೋಗಿಗಳನ್ನು 5,098 ಆರೋಗ್ಯವಂತರ ಜೊತೆ ಹೋಲಿಸಿದರು; ರೋಗಿಗಳ ಮಿದುಳಿನ ಹೊರಪದರ ತೆಳುವಾಗಿತ್ತು. ಎಷ್ಟು ತೆಳು? ಒಂದು ಮಿಲಿಮೀಟರಿನ ಸಣ್ಣ ಪಾಲು. ಅದರಲ್ಲೂ ಒಂದಂಶಕ್ಕೆ ಔಷಧವೇ ಕಾರಣವಿರಬಹುದು ಎನ್ನುತ್ತಾರೆ. ಹಲವು ಜನರ ಸರಾಸರಿಯಲ್ಲಿ ಕಾಣುವ ಈ ವ್ಯತ್ಯಾಸ ನನ್ನ ತಮ್ಮನೊಬ್ಬನ ಫಿಲ್ಮನ್ನು ಬೆಳಕಿಗೆ ಹಿಡಿದರೆ ಕಾಣುವುದಾದರೂ ಹೇಗೆ?

ಕಿವಿಯ ಹತ್ತಿರ, ಮಾತನ್ನು ಗ್ರಹಿಸುವ ಭಾಗ ಕುಗ್ಗಿರುವುದಕ್ಕೂ ದನಿ ಕೇಳುವುದಕ್ಕೂ ನಂಟಿದೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಣೆಯ ಹಿಂದಿನ ಭಾಗ ತೆಳುವಾಗಿರುವುದಕ್ಕೂ ಈ ಮೌನಕ್ಕೂ, ಯಾವುದಕ್ಕೂ ಮನಸ್ಸೇಳದಿರುವುದಕ್ಕೂ ನಂಟಿದೆ. ಬಿಗಿಯಾದ ನಂಟೇನಲ್ಲ. ಆದರೆ ದನಿ ಹೇಗೆ ಕಾಯಿಲೆಯೋ ಮೌನವೂ ಹಾಗೆಯೇ ಕಾಯಿಲೆ. ದನಿಗಳನ್ನು ತಗ್ಗಿಸುವ ಮಾತ್ರೆ ಈ ಮೌನಕ್ಕೆ ಅಷ್ಟಾಗಿ ನಾಟುವುದಿಲ್ಲ, ಹಾಗಾಗಿ ಮನೆಯವರು ಅದನ್ನು ಸೋಮಾರಿತನವೆಂದು ತಿಳಿಯುತ್ತಾರೆ.

ವರದಿ ಕೈಗಿಡುವಾಗ ವೈದ್ಯರು ಇದನ್ನು ಕನ್ನಡದಲ್ಲೋ ತುಳುವಿನಲ್ಲೋ ಎರಡು ಮಾತು ಹೇಳಲಿ. ಗಡಿಯ ಈಚೆ ನಮಗೆ ಸಿಗುವ ಕರಪತ್ರ ಮಲಯಾಳದ್ದು, ನಮ್ಮ ಅಮ್ಮನಿಗೆ ಅದನ್ನು ಓದಲು ಬಾರದು. ನೀವೂ ಈ ಮೌನದ ಬಗ್ಗೆಯೇ ಒಂದು ಲೇಖನ ಹಾಕಿ. ಕತ್ತರಿಸಿ ಮಾವನಿಗೆ ಕೊಟ್ಟು ಬರುತ್ತೇನೆ.

— ಓರ್ವ ಅಕ್ಕ, ಸೀತಾಂಗೋಳಿ ಸಮೀಪ, ಕಾಸರಗೋಡು ಜಿಲ್ಲೆ