ನಿನ್ನೆ ಗುಂಪಿನ್ಯಾಗ ಹಾಕಿದ ಪೋಲ್ ಬಗ್ಗೆ

ಎಲ್ಲಾರಿಗೂ ನಮಸ್ಕಾರ್ರೀ. ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ಸಿಗೇ ಅಂತ ಇಟ್ಟ ಲೇನಿನ್ಯಾಗ ಬ್ಯಾರೆ ಗಾಡಿ ಬಿಡಬೇಕೋ ಬ್ಯಾಡೋ ಅಂತ ಕೇಳಿದ್ದಕ್ಕ 61 ಮಂದಿ ಒತ್ತೀರಿ. ಅದನ್ನ ‘ಧಾರವಾಡ ಜನರ ಅಭಿಪ್ರಾಯ’ ಅಂತ ಮನವಿಯೊಳಗ ಬರಿಯೂದು ಬ್ಯಾಡ್ರಿ. ಈ ಗುಂಪಿನ್ಯಾಗ ಇರೋರು ಹೆಚ್ಚು ಕಡಿಮಿ ಎಲ್ಲಾ ಕಾರು, ಬೈಕು ಇದ್ದಾವರ. ಜುಬಿಲಿ ಸರ್ಕಲ್ಲಿನ್ಯಾಗ ಬಸ್ಸಿಗೆ ನಿಂತಾವರನ್ನ ಯಾರೂ ಕೇಳಿಲ್ಲ.

1936ರಾಗ ಅಮೆರಿಕಾದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಮಂದಿಗೆ ಕಾರ್ಡ್ ಕಳಿಸಿ, ತಿರುಗಿ ಬಂದ 20 ಲಕ್ಷಕ್ಕೂ ಹೆಚ್ಚು ಉತ್ತರ ಎಣಿಸಿ, ಅಧ್ಯಕ್ಷರ ಚುನಾವಣಿಯೊಳಗ ಲ್ಯಾಂಡನ್ ಗೆಲ್ತಾನ ಅಂತು. ಗೆದ್ದಾಂವ ರೂಸ್‌ವೆಲ್ಟ್, ಅದೂ 48 ರಾಜ್ಯದಾಗ 46! ಹೆಸರು ಎತ್ತಿದ್ದು ಟೆಲಿಫೋನ್ ಪುಸ್ತಕ, ಕಾರು ನೋಂದಣಿ ಪಟ್ಟಿಯಿಂದ, ಅಂದ್ರ ಹೆಚ್ಚಾಗಿ ರೊಕ್ಕ ಇದ್ದಾವರನ್ನ ಕೇಳಿದಂಗಾತು. ಭಾಳ ಕಡಿಮಿ ಮಂದೀನ ಕೇಳಿದ, ಜನಾಭಿಪ್ರಾಯ ಸಮೀಕ್ಷೆ ಮಾಡ್ತಿದ್ದ ಜಾರ್ಜ್ ಗ್ಯಾಲಪ್ ರೂಸ್‌ವೆಲ್ಟ್ ಗೆಲ್ತಾನ ಅಂತ ಹೇಳಿದ್ದ ಖರೇ ಆತು.

ಮತ್ತ, ಯಾರು ಏನು ಒತ್ಯಾರ ಅಂತ ಇಲ್ಲೆ ಎಲ್ಲಾರಿಗೂ ಕಾಣ್ತದ. ಹತ್ತು ಮಂದಿ ‘ಹೌದು’ ಅಂದ ಮ್ಯಾಲೆ ‘ಬ್ಯಾಡ’ ಅನ್ನೋರು ಗಪ್ಪಾಗ್ತಾರ. (ನಾನೂ ಗಪ್ಪಾದೆ.) ಜನಾಭಿಪ್ರಾಯದ ಅಧ್ಯಯನ ಮಾಡಿದ ಜರ್ಮನಿಯ ಎಲಿಸಬೆತ್ ನೋಯೆಲ್-ನಾಯ್ಮನ್ 1974ರಾಗ ಇದಕ್ಕ ‘ಮೌನದ ಸುರುಳಿ’ ಅಂತ ಹೆಸರಿಟ್ರು.

ಸೋಮವಾರ ಮುಂಜಾನೆ 8ಕ್ಕ ಬರಾವರು ಹೇಳ್ರಿ. ಅರ್ಧ ಮಂದಿ ಬಸ್ ಸ್ಟಾಪಿಗೆ, ಅರ್ಧ ಮಂದಿ ಬೈಕ್ ನಿಲ್ಲಸೋ ಕಡೆ. ಗುರ್ತಿನವರನ್ನ ಹುಡಿಕ್ಯಾಡಿ ಅಲ್ಲ, ಎಣಿಸಿ ಪ್ರತಿ ಹತ್ತನೇಯವರನ್ನ ಕೇಳೋದು.